ಮೂರು ಬೇಲ್ ಬಟ್ಟೆಗೆ ಯಾವ ರೈಲು?

ಬೆಳಿಗ್ಗೆ ಹತ್ತು ಗಂಟೆಗೆ ಮುಂಚೆ ಕಮರ್ಷಿಯಲ್ ಸ್ಟ್ರೀಟಿಗೆ ಹೋದರೆ ಕೊಳ್ಳುವವರು ಕಾಣುವುದಿಲ್ಲ, ಬೇಲ್‌ಗಳು ಕಾಣುತ್ತವೆ. ಗೂಡ್ಸ್ ಆಟೊಗಳು, ಪುಟ್ಟ ಟೆಂಪೊಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಇಬ್ರಾಹಿಂ ಸಾಹೇಬ್ ಸ್ಟ್ರೀಟಿನ ತಿರುವಿನಲ್ಲಿ ಹಮಾಲಿ ಬೆನ್ನು ಬಗ್ಗಿಸಿ ನಿಲ್ಲುತ್ತಾನೆ, ಇಬ್ಬರು ಸೇರಿ ಬೇಲನ್ನು ಅವನ ಬೆನ್ನಿಗೆ ಏರಿಸುತ್ತಾರೆ, ಅವನು ಅರ್ಧ ಎತ್ತಿದ ಷಟರಿನ ಅಡಿ ನುಸುಳಿ ಒಳಗೆ ಹೋಗುತ್ತಾನೆ. ಗೋಣಿಯ ಮೇಲೆ ಕಪ್ಪು ಮಸಿಯಲ್ಲಿ ಅಂಗಡಿಯ ಗುರುತು, ಅದರ ಕೆಳಗೆ ಊರಿನ ಹೆಸರು: ಸೂರತ್, ಅಹಮದಾಬಾದ್, ಈರೋಡ್, ತಿರುಪ್ಪೂರು. ಒಂದು ಅಂಗಡಿಗೆ ಮೂರು ಬೇಲ್, ಪಕ್ಕದ್ದಕ್ಕೆ ಎರಡು, ಎದುರಿನದಕ್ಕೆ ಐದು. ಮುನ್ನೂರು ಹೆಜ್ಜೆ ನಡೆಯುವಷ್ಟರಲ್ಲಿ ಅರ್ಧ ಹಿಂದೂಸ್ಥಾನದ ಮಗ್ಗಗಳನ್ನು ದಾಟಿದಂತಾಗುತ್ತದೆ.

ಈ ಬೀದಿಯಿಂದ ದಂಡು ರೈಲು ನಿಲ್ದಾಣಕ್ಕೆ ಸುಮಾರು ಎರಡು ಕಿಲೊಮೀಟರು. ಆದರೂ ಈ ಬೇಲ್‌ಗಳಲ್ಲಿ ಹೆಚ್ಚಿನವು ನೂರಾರು ಕಿಲೊಮೀಟರು ಲಾರಿಯಲ್ಲೇ ಬಂದಿರುತ್ತವೆ. ಅಂಗಡಿಯವರನ್ನು ಕೇಳಿ ನೋಡಿ, ಟ್ರಾನ್ಸ್‌ಪೋರ್ಟ್ ಆಫೀಸಿನ ಹೆಸರು ಹೇಳುತ್ತಾರೆ, ಬಿಲ್ಟಿ ಎಂಬ ಸರಕಿನ ರಸೀದಿ ತೋರಿಸುತ್ತಾರೆ. ರೈಲು ಎಂದರೆ ಅವರಿಗೆ ನೆನಪಾಗುವುದು ಅವಸರದ ಪಾರ್ಸೆಲ್, ಅಂದರೆ ಪ್ರಯಾಣಿಕರ ಗಾಡಿಯ ತುದಿಯ ಡಬ್ಬಿಯಲ್ಲಿ ಬರುವ ಒಂದೆರಡು ಗಂಟು. ಅದರ ಹಣವನ್ನು ರೈಲ್ವೆ ತನ್ನ ಲೆಕ್ಕದಲ್ಲಿ ಸರಕು ಸಾಗಣೆಯ ಆದಾಯವೆಂದು ಬರೆದುಕೊಳ್ಳುವುದೂ ಇಲ್ಲ, ಪ್ರಯಾಣಿಕರ ಗಾಡಿಗಳ ‘ಕೋಚಿಂಗ್’ ಬಾಬಿಗೆ ಸೇರಿಸುತ್ತದೆ. ಸರಕು ಸಾಗಣೆ ಎಂದು ರೈಲ್ವೆ ಕರೆಯುವ ದೊಡ್ಡ ವ್ಯವಹಾರ ಕಮರ್ಷಿಯಲ್ ಸ್ಟ್ರೀಟನ್ನು ಮುಟ್ಟುವುದೇ ಇಲ್ಲ.

ಸರಕು ರೈಲಿನ ಕಂಪನಿಗಳ ವಾರ್ಷಿಕ ಲೆಕ್ಕ ಓದುವಾಗಲೆಲ್ಲ ನನಗೆ ಈ ಮೂರು ಬೇಲ್ ನೆನಪಿಗೆ ಬರುತ್ತವೆ. ಆದಾಯ ಏರಿದೆ, ಲಾಭ ಏರಿದೆ, ಮುನ್ನೋಟ ಚೆನ್ನಾಗಿದೆ ಎನ್ನುವ ಸಾಲುಗಳ ನಡುವೆ ಈ ಬೇಲಿಗೆ ಜಾಗ ಎಲ್ಲಿದೆ? ಬೆಂಗಳೂರಿನ ಪೂರ್ವದಲ್ಲಿ ಕೂತು ಇದನ್ನು ಕೇಳುವುದಕ್ಕೆ ಒಂದು ಕಾರಣವೂ ಇದೆ. ಭಾರತದಲ್ಲಿ ಹಡಗಿನ ಕಂಟೇನರನ್ನು ರೈಲಿನಲ್ಲಿ ಒಳನಾಡಿಗೆ ತಂದ ಕಥೆ ಆರಂಭವಾದದ್ದು ಈ ಊರಿನಲ್ಲಿ.

ಆದರೆ ಅದಕ್ಕೂ ನೂರು ವರ್ಷ ಹಿಂದೆ ಇಲ್ಲಿ ಇನ್ನೊಂದು ಕಂಪನಿ ಇತ್ತು. 1864ರ ಆಗಸ್ಟ್ 1ರಂದು ಜೋಲಾರ್‌ಪೇಟೆಯಿಂದ ದಂಡಿನವರೆಗಿನ ಹಳಿ ಸಂಚಾರಕ್ಕೆ ತೆರೆಯಿತು. ಹಾಕಿದ್ದು ಮದ್ರಾಸ್ ರೈಲ್ವೆ ಕಂಪನಿ. ಬಂಡವಾಳ ಹೂಡಿದವರು ಇಂಗ್ಲೆಂಡಿನವರು, ಅವರಿಗೆ ವರ್ಷಕ್ಕೆ ಶೇ 5ರಷ್ಟು ಪ್ರತಿಫಲದ ಖಾತರಿಯನ್ನು ಸರ್ಕಾರ ಕೊಟ್ಟಿತ್ತು. ಗಾಡಿಯ ಸಂಪಾದನೆ ಸಾಲದೆ ಹೋದರೆ ಉಳಿದದ್ದು ಭಾರತದ ಬೊಕ್ಕಸದಿಂದ, ಅಂದರೆ ರೈತನ ಕಂದಾಯದಿಂದ ಹೋಗುತ್ತಿತ್ತು. ಕಂಪನಿಗೆ ನಷ್ಟದ ಭಯವಿರಲಿಲ್ಲ. 1908ರಲ್ಲಿ ಅದು ಮುಗಿದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಬಂತು, 1951ರಲ್ಲಿ ದಕ್ಷಿಣ ರೈಲ್ವೆ, 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈರುತ್ಯ ರೈಲ್ವೆ.

ಆ ಹಳೆಯ ಕಾಲದ ಗೂಡ್ಸ್ ಶೆಡ್ಡಿಗೆ ವ್ಯಾಪಾರಿ ಎರಡು ಮೂಟೆ ತಂದರೂ ಬುಕ್ ಆಗುತ್ತಿತ್ತು. ರೈಲ್ವೆಯ ಭಾಷೆಯಲ್ಲಿ ಅದಕ್ಕೆ ‘ಸ್ಮಾಲ್ಸ್’ ಎಂದು ಹೆಸರು. ಹತ್ತು ಜನರ ಮೂಟೆ ಸೇರಿಸಿ ಒಂದು ವ್ಯಾಗನ್, ಹತ್ತು ಊರಿನ ವ್ಯಾಗನ್ ಸೇರಿಸಿ ಒಂದು ಗಾಡಿ. ನಡುವೆ ದೊಡ್ಡ ಯಾರ್ಡುಗಳಲ್ಲಿ ಗಾಡಿ ಬಿಚ್ಚಿ, ವ್ಯಾಗನ್ ಬೇರ್ಪಡಿಸಿ, ಮತ್ತೆ ಜೋಡಿಸಬೇಕು. ಮೆಜೆಸ್ಟಿಕ್ ಬದಿಯ ಗೂಡ್ಸ್ ಶೆಡ್ ರಸ್ತೆಯ ಹೆಸರು ಆ ಕಾಲದ್ದು, ಜನ ಇವತ್ತಿಗೂ ಹಾಗೇ ಕರೆಯುತ್ತಾರೆ. ಈ ಜೋಡಿಸುವ ಬಿಚ್ಚುವ ಕೆಲಸ ರೈಲ್ವೆಯನ್ನು ಹೈರಾಣು ಮಾಡಿತ್ತು. ಒಂದು ವ್ಯಾಗನ್ ಸರಕು ತುಂಬಿಕೊಂಡು ಹೋಗಿ, ಇಳಿಸಿ, ಮತ್ತೆ ತುಂಬಲು ಸಿಗುವುದಕ್ಕೆ 1980ರ ಸುಮಾರಿಗೆ 15 ದಿನ ಹಿಡಿಯುತ್ತಿತ್ತು.

ಹಾಗಾಗಿ 1980ರ ದಶಕದಲ್ಲಿ ರೈಲ್ವೆ ದಾರಿ ಬದಲಿಸಿತು. ಇನ್ನು ಮುಂದೆ ಇಡೀ ರೇಕ್, ಅಂದರೆ ಒಂದು ಗಾಡಿಯ ಅಷ್ಟೂ ವ್ಯಾಗನ್, ತುಂಬುವವನಿಗೆ ಮೊದಲ ಮಣೆ. ಕಲ್ಲಿದ್ದಲು, ಅದಿರು, ಸಿಮೆಂಟು, ಗೊಬ್ಬರ, ಅಕ್ಕಿ, ಗೋಧಿ, ಎಣ್ಣೆ: ಒಂದು ಕಡೆ ತುಂಬಿ ನೇರ ಇನ್ನೊಂದು ಕಡೆ ಇಳಿಸು. ಮುಚ್ಚಿದ ವ್ಯಾಗನ್ನಿನ ಒಂದು ರೇಕ್ ಎಂದರೆ ಎರಡೂವರೆ ಸಾವಿರ ಟನ್ನಿಗೂ ಮೇಲೆ. ಯಾರ್ಡುಗಳು ಒಂದೊಂದಾಗಿ ಮುಚ್ಚಿದವು, 15 ದಿನದ ಆ ಸುತ್ತು ಮುಂದಿನ ದಶಕಗಳಲ್ಲಿ 5 ದಿನದ ಆಸುಪಾಸಿಗೆ ಇಳಿಯಿತು. ರೈಲ್ವೆ ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಹಾಗೆ ಮಾಡದಿದ್ದರೆ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಮುಟ್ಟುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಎರಡು ಮೂಟೆಯವನು, ಮೂರು ಬೇಲಿನವನು ಲಾರಿ ಹತ್ತಿದ, ಮತ್ತೆ ಇಳಿಯಲಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ನೆಲಮಾರ್ಗದ ಸರಕಿನಲ್ಲಿ ಶೇ 85ಕ್ಕೂ ಹೆಚ್ಚು ರೈಲಿನದಾಗಿತ್ತು, ಇಂದು ಅದು ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಇಡೀ ರೇಕಿಗೂ ಮೂರು ಬೇಲಿಗೂ ನಡುವೆ ಸೇತುವೆಯಾಗಬಲ್ಲ ವಸ್ತು ಒಂದೇ ಇತ್ತು. ಅದು ಕಬ್ಬಿಣದ ಪೆಟ್ಟಿಗೆ.

ಹಡಗಿನ ಕಂಟೇನರ್ ಭಾರತದಲ್ಲಿ ಮೊದಲು ಇಳಿದದ್ದು 1973ರಲ್ಲಿ, ಕೊಚ್ಚಿಯಲ್ಲಿ. ಅದು ಬಂದರಿನ ಗೇಟು ದಾಟಿ ರೈಲಿನಲ್ಲಿ ಒಳನಾಡಿಗೆ ಬರಲು ಇನ್ನೂ ಎಂಟು ವರ್ಷ ಬೇಕಾಯಿತು. 1981ರಲ್ಲಿ ಭಾರತೀಯ ರೈಲ್ವೆ ಅಂಥ ಪೆಟ್ಟಿಗೆಯನ್ನು ಬೆಂಗಳೂರಿಗೆ ತಂದಿತು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ, ವ್ಯವಹಾರದವರ ಬಾಯಲ್ಲಿ ಐಸಿಡಿ, ಬೆಂಗಳೂರಿನದು. ಮುಂಬೈ ದೆಹಲಿಗಳನ್ನು ಬಿಟ್ಟು ಸಮುದ್ರದಿಂದ ಮುನ್ನೂರು ಚಿಲ್ಲರೆ ಕಿಲೊಮೀಟರು ದೂರದ ಈ ಊರಿನಲ್ಲಿ ಅದು ಶುರುವಾಯಿತು ಎಂಬುದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ.

ಐಸಿಡಿ ಎಂದರೆ ಬಂದರನ್ನೇ ಊರಿನ ಬಾಗಿಲಿಗೆ ತಂದಂತೆ. ರಫ್ತು ಮಾಡುವವನು ಸರಕನ್ನು ಡಿಪೊಗೆ ತರುತ್ತಾನೆ. ಕಸ್ಟಮ್ಸ್ ಅಧಿಕಾರಿ ಅಲ್ಲೇ ಇರುತ್ತಾರೆ, ಕಾಗದಪತ್ರ ಅಲ್ಲೇ ಮುಗಿಯುತ್ತದೆ, ಪೆಟ್ಟಿಗೆ ತುಂಬಿ ಸೀಲ್ ಬೀಳುತ್ತದೆ. ಆಮೇಲೆ ಅದು ರೈಲು ಹತ್ತಿ ಬಂದರು ಸೇರಿ ಹಡಗಿಗೆ ಏರುತ್ತದೆ. ಕಮರ್ಷಿಯಲ್ ಸ್ಟ್ರೀಟಿನ ಹಲವು ಅಂಗಡಿಗಳಲ್ಲಿ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂದು ರಾಶಿ ಹಾಕಿ ಮಾರುವ ಅಂಗಿಗಳಿವೆಯಲ್ಲ, ಅವುಗಳ ಒಡಹುಟ್ಟಿದವು ಹೋಗುವ ದಾರಿ ಇದು. ಬೊಮ್ಮನಹಳ್ಳಿಯಲ್ಲಿ, ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಒಂದೇ ಮೇಜಿನ ಮೇಲೆ ಹೊಲಿದ ಹತ್ತು ಅಂಗಿಯಲ್ಲಿ ಒಂಬತ್ತು ಪೆಟ್ಟಿಗೆ ಸೇರಿ ಕಡಲು ದಾಟಿದರೆ, ಆರ್ಡರಿಗೆ ಹೆಚ್ಚಾಗಿ ಉಳಿದ ಒಂದು ಅಂಗಿ ಇಲ್ಲಿ ಹ್ಯಾಂಗರಿನಲ್ಲಿ ತೂಗುತ್ತದೆ.

1988ರ ಹೊತ್ತಿಗೆ ಡಿಪೊಗಳ ಸಂಖ್ಯೆ ಏಳಾಯಿತು. ಇದನ್ನೆಲ್ಲ ನೋಡಿಕೊಳ್ಳಲು ಪ್ರತ್ಯೇಕ ಸಂಸ್ಥೆ ಬೇಕೆಂದು ಆ ವರ್ಷದ ಮಾರ್ಚಿನಲ್ಲಿ ಕಂಟೇನರ್ ಕಾರ್ಪೊರೇಷನ್ ಆಫ್ ಇಂಡಿಯಾ, ಚಿಕ್ಕದಾಗಿ ಕಾನ್‌ಕಾರ್, ಹುಟ್ಟಿತು. 1989ರ ನವೆಂಬರಿನಲ್ಲಿ ಅದು ಆ ಏಳು ಡಿಪೊಗಳನ್ನು ವಹಿಸಿಕೊಂಡು ಕೆಲಸ ಆರಂಭಿಸಿತು. ಇಂದು ಅದು ನವರತ್ನ ಸಂಸ್ಥೆ. ಶೇ 54.8 ಪಾಲು ಕೇಂದ್ರ ಸರ್ಕಾರದ್ದು, ಉಳಿದದ್ದು ಷೇರುಪೇಟೆಯಲ್ಲಿದೆ. ಬೆಂಗಳೂರಿನ ಡಿಪೊ ಈಗ ವೈಟ್‌ಫೀಲ್ಡಿನದು. ಕೆ.ಆರ್. ಪುರದಿಂದ ರೈಲಿನಲ್ಲಿ ಹೊರಟು ಹೂಡಿ ದಾಟಿದರೆ ಕಟ್ಟಡಗಳ ಸಂದಿನಲ್ಲಿ ಕೆಂಪು, ನೀಲಿ, ಹಸಿರು ಪೆಟ್ಟಿಗೆಗಳ ಗೋಡೆ ಕಾಣುತ್ತದೆ. ಪಕ್ಕದಲ್ಲೇ ಸಿಮೆಂಟು, ಧಾನ್ಯ ಇಳಿಯುವ ಗೂಡ್ಸ್ ಟರ್ಮಿನಲ್. ಇನ್ನೂ ಮುಂದೆ ಹೋದರೆ ದೇವನಗುಂದಿಯ ಎಣ್ಣೆ ಟ್ಯಾಂಕುಗಳು.

ಇನ್ನು ಲೆಕ್ಕಕ್ಕೆ ಬರೋಣ. ಕಾನ್‌ಕಾರ್‌ನ ಹಣ ಎಲ್ಲಿಂದ ಬರುತ್ತದೆ ಎಂಬುದು ಕಷ್ಟದ ವಿಷಯವಲ್ಲ. ಹಳಿ ಅದರದ್ದಲ್ಲ, ಎಂಜಿನ್ ಅದರದ್ದಲ್ಲ, ಓಡಿಸುವ ಲೋಕೊ ಪೈಲಟ್ ಅದರ ನೌಕರನಲ್ಲ. ಅವೆಲ್ಲ ರೈಲ್ವೆಯವು. ಕಂಪನಿಯದ್ದು ಚಪ್ಪಟೆ ವ್ಯಾಗನ್, ಪೆಟ್ಟಿಗೆ, ಡಿಪೊ, ಕ್ರೇನು. ಗಿರಾಕಿಯಿಂದ ಸಾಗಣೆ ದರ ಮತ್ತು ಡಿಪೊ ಶುಲ್ಕ ಪಡೆದು, ಎಳೆದುಕೊಂಡು ಹೋದದ್ದಕ್ಕೆ ರೈಲ್ವೆಗೆ ಹಾಲೇಜ್ ಶುಲ್ಕ ಕಟ್ಟುತ್ತದೆ. ಬಂದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ರೈಲ್ವೆಯ ಕೈಗೆ ಹೋಗುತ್ತದೆ. ದರ ಏರಿಸುವವರೂ ಅವರೇ, ಕಂಪನಿಯ ದೊಡ್ಡ ಮಾಲೀಕರೂ ಒಂದು ಅರ್ಥದಲ್ಲಿ ಅವರೇ.

2020-21ರ ಕೋವಿಡ್ ವರ್ಷದಲ್ಲಿ ಲಾಭ ಸುಮಾರು ₹503 ಕೋಟಿ. ಅದಕ್ಕೆ ಹಿಂದಿನ ವರ್ಷ ಇನ್ನೂ ಕಡಿಮೆ, ₹376 ಕೋಟಿಯ ಆಸುಪಾಸು. ಸೇವಾ ರಫ್ತಿನ ಪ್ರೋತ್ಸಾಹಧನವಾಗಿ ಸರ್ಕಾರದಿಂದ ಬರಬೇಕೆಂದು ಬರೆದುಕೊಂಡಿದ್ದ ₹860 ಕೋಟಿಯಷ್ಟು ಹಣ ಬಾರದೆ, ಅದನ್ನು ಲೆಕ್ಕದಿಂದ ತೆಗೆಯಬೇಕಾಗಿ ಬಂದದ್ದು ಕಾರಣ. ಆಮೇಲೆ ಚೇತರಿಕೆ ವೇಗವಾಗಿ ಬಂತು. 2022-23ರಲ್ಲಿ ಆದಾಯ ₹8,103 ಕೋಟಿ, ಲಾಭ ₹1,169 ಕೋಟಿ. 2023-24ರಲ್ಲಿ ಆದಾಯ ₹8,632 ಕೋಟಿ, ಲಾಭ ಸುಮಾರು ₹1,230 ಕೋಟಿ. 2024-25ರಲ್ಲಿ ಆದಾಯ ₹8,863 ಕೋಟಿ, ಲಾಭ ಸುಮಾರು ₹1,270 ಕೋಟಿ. ನೂರು ರೂಪಾಯಿ ಬಂದರೆ ಹದಿನಾಲ್ಕು ರೂಪಾಯಿ ಉಳಿಯುತ್ತದೆ. ಸರ್ಕಾರಿ ಸಂಸ್ಥೆಯೊಂದಕ್ಕೆ ಇದು ಗೌರವದ ಲೆಕ್ಕ.

ಆದರೆ ಇದೇ ಲೆಕ್ಕವನ್ನು ಪೆಟ್ಟಿಗೆಯ ಎಣಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ಇಪ್ಪತ್ತು ಅಡಿ ಉದ್ದದ ಪೆಟ್ಟಿಗೆಗೆ ಒಂದು ಟಿಇಯು, ನಲವತ್ತು ಅಡಿಯದಕ್ಕೆ ಎರಡು. 2023-24ರಲ್ಲಿ ಕಂಪನಿ ನಿಭಾಯಿಸಿದ್ದು ಸುಮಾರು 47 ಲಕ್ಷ ಟಿಇಯು. 2024-25ರಲ್ಲಿ ಮೊದಲ ಸಲ 50 ಲಕ್ಷ ದಾಟಿತು. ಅಂದರೆ ಎಣಿಕೆ ಶೇ 7ಕ್ಕೂ ಮೇಲೆ ಬೆಳೆದರೆ, ಆದಾಯ ಬೆಳೆದದ್ದು ಶೇ 3ಕ್ಕಿಂತ ಕಡಿಮೆ. ಭಾಗಿಸಿ ನೋಡಿದರೆ ಒಂದು ಟಿಇಯುಗೆ ಹಿಂದಿನ ವರ್ಷ ಸಿಕ್ಕಿದ್ದು ಸುಮಾರು ₹18,300, ಆ ವರ್ಷ ಸುಮಾರು ₹17,400. ಇಲ್ಲಿ ಓದುಗರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಡಿಪೊಗಳಲ್ಲಿ ನಿಭಾಯಿಸಿದ ಎಣಿಕೆ ಬೇರೆ, ಹೊಸದಾಗಿ ಹೊರಟ ಪೆಟ್ಟಿಗೆಯ ಎಣಿಕೆ ಬೇರೆ, ಕಂಪನಿ ಎರಡನ್ನೂ ಪ್ರಕಟಿಸುತ್ತದೆ. ನಾನು ಭಾಗಿಸಿದ್ದು ಮೊದಲನೆಯದರಿಂದ. ಹಾಗಿದ್ದರೂ ದಿಕ್ಕು ಸ್ಪಷ್ಟವಿದೆ. ಕೆಲಸ ಹೆಚ್ಚುತ್ತಿದೆ, ಕೂಲಿ ಅಷ್ಟು ಹೆಚ್ಚುತ್ತಿಲ್ಲ.

ಒಂದು ಕಾರಣ ಪೈಪೋಟಿ. 2006ರಲ್ಲಿ ಕಂಟೇನರ್ ರೈಲು ಓಡಿಸಲು ಖಾಸಗಿಯವರಿಗೂ ಅನುಮತಿ ಸಿಕ್ಕಿತು. ಅದಾನಿ, ಗೇಟ್‌ವೇಯಂಥ ಕಂಪನಿಗಳು ಬಂದವು. ಒಂದು ಕಾಲಕ್ಕೆ ಒಬ್ಬನೇ ಇದ್ದ ಕಾನ್‌ಕಾರ್ ಈಗಲೂ ಅರ್ಧಕ್ಕಿಂತ ಹೆಚ್ಚಿನ ಪಾಲು ಇಟ್ಟುಕೊಂಡಿದೆ, ಆದರೆ ದರ ಹೇಳುವಾಗ ಪಕ್ಕದವನ ಮುಖ ನೋಡಬೇಕು. ಇನ್ನೊಂದು ಕಾರಣ ಭೂಮಿ. ಮೊದಲು ರೈಲ್ವೆ ಭೂಮಿಯ ಬಾಡಿಗೆ ಪೆಟ್ಟಿಗೆಗಿಷ್ಟು ಎಂಬ ಲೆಕ್ಕದಲ್ಲಿತ್ತು. 2020ರಲ್ಲಿ ಅದು ಭೂಮಿಯ ಮಾರುಕಟ್ಟೆ ಬೆಲೆಯ ಶೇ 6 ಎಂದಾಯಿತು. ಒಂದು ಕಾಲಕ್ಕೆ ಊರ ಹೊರಗಿದ್ದು ಈಗ ನಗರದ ಹೊಟ್ಟೆಯೊಳಗಿರುವ ಡಿಪೊಗಳ ಬಾಡಿಗೆ ಏನಾದೀತು ಎಂದು ವೈಟ್‌ಫೀಲ್ಡಿನಲ್ಲಿ ಸೈಟು ವಿಚಾರಿಸಿದವರಿಗೆ ಹೇಳಬೇಕಾಗಿಲ್ಲ. ಕಂಪನಿ ದೇಶದ ಕೆಲವು ಟರ್ಮಿನಲ್‌ಗಳನ್ನು ರೈಲ್ವೆಗೆ ಹಿಂದಿರುಗಿಸಿಯೂ ಬಿಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಹೊಸ ನೀತಿ ತಂದು ಶೇ 1.5, 35 ವರ್ಷದವರೆಗಿನ ಗುತ್ತಿಗೆ ಎಂದಿತು. ಹಳೆಯ ಟರ್ಮಿನಲ್‌ಗಳಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ, ಪೈಪೋಟಿಯ ಬಿಡ್ಡಿಂಗಿನಲ್ಲಿ ಗೆದ್ದು ಬರಬೇಕು. ಇದರ ನಡುವೆ 2019ರ ನವೆಂಬರಿನಲ್ಲೇ ಸರ್ಕಾರ ತನ್ನ ಪಾಲಿನಲ್ಲಿ ಶೇ 30.8ನ್ನು ಆಡಳಿತದ ಹಿಡಿತದ ಸಮೇತ ಮಾರಲು ತೀರ್ಮಾನಿಸಿತ್ತು. ಕಾನ್‌ಕಾರ್ ಮಾರಾಟವಾಗುತ್ತದೆ ಎಂಬ ಮಾತು ವರ್ಷಗಟ್ಟಲೆ ತೂಗಾಡಿತು. ಮಾಲೀಕ ಯಾರಾಗುತ್ತಾನೋ ತಿಳಿಯದ ಸಂಸ್ಥೆ ಮೂವತ್ತು ವರ್ಷದ ಯೋಜನೆ ಹಾಕುವುದು ಕಷ್ಟ.

ಮೂರನೆಯ ಕಾರಣ ನಮ್ಮದೇ ಊರಿನ ಭೂಗೋಳ. ಬೆಂಗಳೂರಿನ ಪೆಟ್ಟಿಗೆ ಹೆಚ್ಚಾಗಿ ಹೋಗುವುದು ಚೆನ್ನೈ ಬಂದರಿಗೆ, ರೈಲು ಹಾದಿ ಸುಮಾರು 360 ಕಿಲೊಮೀಟರು. ರೈಲಿನ ದೊಡ್ಡ ಖರ್ಚು ಎರಡು ತುದಿಗಳಲ್ಲಿದೆ: ಏರಿಸುವುದು, ಇಳಿಸುವುದು, ಕಾರ್ಖಾನೆಯಿಂದ ಡಿಪೊಗೆ ಲಾರಿಯಲ್ಲಿ ತರುವುದು. ಸಾವಿರಕ್ಕೂ ಹೆಚ್ಚು ಕಿಲೊಮೀಟರಿನ ಹಾದಿಯಾದರೆ ಆ ಖರ್ಚು ಹಂಚಿಹೋಗುತ್ತದೆ. ದೆಹಲಿಯಿಂದ ಮುಂಬೈ ಬಂದರಿಗೆ ರೈಲು ಗೆಲ್ಲುವುದು ಹಾಗೆ. 360 ಕಿಲೊಮೀಟರಿನಲ್ಲಿ ಹಂಚಲು ಜಾಗವೇ ಸಾಲದು. ಪೀಣ್ಯದ ಕಾರ್ಖಾನೆಯವನು ಪೆಟ್ಟಿಗೆಯನ್ನು ಊರಿಡೀ ದಾಟಿಸಿ ವೈಟ್‌ಫೀಲ್ಡಿಗೆ ತರಬೇಕು, ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನ ಬಿಡುವುದಿಲ್ಲ, ಡಿಪೊದಲ್ಲಿ ರೇಕ್ ತುಂಬುವವರೆಗೆ ಕಾಯಬೇಕು. ಅದೇ ಟ್ರೇಲರ್ ಲಾರಿ ಹೊಸೂರು, ಕೃಷ್ಣಗಿರಿ ದಾರಿಯಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಚೆನ್ನೈ.

ಈಗ ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ 262 ಕಿಲೊಮೀಟರಿನ ಎಕ್ಸ್‌ಪ್ರೆಸ್ ಹೆದ್ದಾರಿಯ ಕೆಲಸ ನಡೆದಿದೆ, ಬೇತಮಂಗಲದವರೆಗಿನ ಕರ್ನಾಟಕದ ಭಾಗ ಆಗಲೇ ಓಡಾಟಕ್ಕೆ ಸಿಕ್ಕಿದೆ. ಕೆ.ಆರ್. ಪುರದಲ್ಲಿ ಕೂತವನಿಗೆ ಅದು ಮನೆ ಬಾಗಿಲಿನ ರಸ್ತೆ. ಅದು ಪೂರ್ತಿಯಾದ ದಿನ ವೈಟ್‌ಫೀಲ್ಡ್ ಡಿಪೊ ತನ್ನ ದರವನ್ನಲ್ಲ, ತನ್ನ ಗಂಟೆಗಳನ್ನು ಎಣಿಸಬೇಕಾಗುತ್ತದೆ. ಭಾರತದಲ್ಲಿ ಗೂಡ್ಸ್ ಗಾಡಿಯ ಸರಾಸರಿ ವೇಗ ಗಂಟೆಗೆ ಸುಮಾರು 25 ಕಿಲೊಮೀಟರು. ಎಂಜಿನ್ನಿಗೆ ಶಕ್ತಿ ಕಡಿಮೆಯಾಗಿ ಅಲ್ಲ. ಶತಾಬ್ದಿ ಹೋಗಲಿ, ವಂದೇ ಭಾರತ್ ಹೋಗಲಿ, ಮೆಮು ಹೋಗಲಿ ಎಂದು ಪಕ್ಕದ ಲೂಪ್ ಲೈನಿನಲ್ಲಿ ನಿಂತು ನಿಂತು. ಕೋವಿಡ್ ಲಾಕ್‌ಡೌನಿನಲ್ಲಿ ಪ್ರಯಾಣಿಕರ ಗಾಡಿ ನಿಂತಾಗ ಇದೇ ವ್ಯಾಗನ್, ಇದೇ ಹಳಿಯಲ್ಲಿ ಸರಾಸರಿ 40 ಕಿಲೊಮೀಟರು ದಾಟಿತ್ತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಮಾಲೂರಿನಿಂದ, ಬಂಗಾರಪೇಟೆಯಿಂದ ದಿನವೂ ಕೆಲಸಕ್ಕೆ ಬರುವವರ ಮೆಮು ನಿಲ್ಲಿಸಿ ಪೆಟ್ಟಿಗೆ ಬಿಡಿ ಎಂದು ನಾನು ಕೇಳಲಾರೆ. ಬೇಕಾದದ್ದು ಇನ್ನೊಂದು ಜೋಡಿ ಹಳಿ. ದಂಡಿನಿಂದ ವೈಟ್‌ಫೀಲ್ಡಿನವರೆಗೆ ನಾಲ್ಕು ಹಳಿಯ ಯೋಜನೆ ಇದೆ, ಕೆಲಸ ವರ್ಷಗಳಿಂದ ಸಾಗಿದೆ. ಜನ ಅದನ್ನು ಸ್ಥಳೀಯ ರೈಲಿಗಾಗಿ ಕೇಳುತ್ತಾರೆ. ಅದರ ಅರ್ಧ ಫಲ ಗೂಡ್ಸ್ ಗಾಡಿಗೆ ಸಲ್ಲುತ್ತದೆ ಎಂಬುದನ್ನೂ ಸೇರಿಸಿ ಕೇಳಿದರೆ ಬೇಡಿಕೆಗೆ ತೂಕ ಬಂದೀತು.

ಒಟ್ಟು ರೈಲ್ವೆಯ ಸ್ಥಿತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. 2024-25ರಲ್ಲಿ ಭಾರತೀಯ ರೈಲ್ವೆ ಸಾಗಿಸಿದ ಸರಕು ಸುಮಾರು 161 ಕೋಟಿ ಟನ್, ಅದರಲ್ಲಿ ಅರ್ಧ ಕಲ್ಲಿದ್ದಲು. ರೈಲ್ವೆಯ ಸಂಪಾದನೆಯಲ್ಲಿ ಸುಮಾರು ಮೂರನೇ ಎರಡು ಭಾಗ ಸರಕಿನಿಂದ ಬರುತ್ತದೆ, ನಾವು ಕೊಡುವ ಟಿಕೆಟಿನ ಕೊರತೆಯನ್ನು ಅದೇ ತುಂಬುತ್ತದೆ. ಆದರೂ 2023-24ರಲ್ಲಿ ರೈಲ್ವೆ ನೂರು ರೂಪಾಯಿ ಗಳಿಸಲು 98 ರೂಪಾಯಿಗೂ ಹೆಚ್ಚು ಖರ್ಚು ಮಾಡಿತು. ಅಮೆರಿಕದ ಯೂನಿಯನ್ ಪೆಸಿಫಿಕ್ ಕಂಪನಿಗೆ 2024ರಲ್ಲಿ ಇದೇ ಲೆಕ್ಕ 60ರ ಸುಮಾರು. ಅಲ್ಲಿ ಹಳಿಯೇ ಸರಕು ಕಂಪನಿಯದ್ದು, ಪ್ರಯಾಣಿಕರ ರೈಲು ಅತಿಥಿ. ಇಲ್ಲಿ ಅದು ತಲೆಕೆಳಗು, ನಮ್ಮಂಥ ದೇಶದಲ್ಲಿ ಹಾಗೆಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಒಂದೆರಡು ಸರಕಿನ ಮೇಲೆ ಇಷ್ಟು ಭಾರ ಹಾಕಿ ಕೂರುವುದರ ಅಪಾಯವನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ಸರಿಯಾದ ಕಾರಣಕ್ಕೇ. ಆದರೆ ಅದಿರಿನ ರೇಕ್‌ಗಳನ್ನೇ ನೆಚ್ಚಿದ್ದ ನೈರುತ್ಯ ರೈಲ್ವೆಯ ಸರಕು ಸಾಗಣೆಗೆ ಅದು ದೊಡ್ಡ ಪೆಟ್ಟಾಯಿತು. ಮರ್ಮಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು, ಅಲ್ಲಿಂದ ಉಕ್ಕು, ಗಣಿಯಿಂದ ಅದಿರು: ಈ ವಲಯದ ಜೀವ ಇವತ್ತಿಗೂ ಆ ಹಾದಿಯಲ್ಲೇ ಇದೆ. ಬೆಂಗಳೂರು ವಿಭಾಗದಲ್ಲಿ ತುಂಬಿ ಕಳುಹಿಸುವುದಕ್ಕಿಂತ ಬಂದು ಇಳಿಯುವುದೇ ಹೆಚ್ಚು.

ಕಂಟೇನರಿನ ವ್ಯವಹಾರಕ್ಕೂ ಅಂಥದ್ದೇ ಒಂದು ನೆಚ್ಚಿಕೆ ಇದೆ. ಕಾನ್‌ಕಾರ್ ಆದಾಯದಲ್ಲಿ ಸುಮಾರು ಮೂರನೇ ಎರಡು ಭಾಗ ರಫ್ತು ಆಮದಿನದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಹಡಗುಗಳು ಆಫ್ರಿಕಾ ಸುತ್ತಿ ಹೋದವು, ಒಳನಾಡಿನ ಡಿಪೊಗಳಲ್ಲಿ ಖಾಲಿ ಪೆಟ್ಟಿಗೆಗೆ ಪರದಾಟವಾಯಿತು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಆರ್ಡರಿನ ಆತಂಕ ಹುಟ್ಟಿತು. ಹೊಲಿಗೆ ಯಂತ್ರ ನಿಂತರೆ ಪೆಟ್ಟಿಗೆಯೂ ನಿಲ್ಲುತ್ತದೆ.

ಹಾಗಾದರೆ ಮುಂದೇನು? ಉತ್ತರದಲ್ಲಿ ಚಿತ್ರ ಬದಲಾಗಿದೆ. ಲುಧಿಯಾನಾ ಕಡೆಯಿಂದ ಬಿಹಾರದ ಸೋನ್‌ನಗರದವರೆಗೆ, ದೆಹಲಿ ಬಳಿಯ ದಾದ್ರಿಯಿಂದ ಮುಂಬೈ ಬಳಿಯ ಜೆಎನ್‌ಪಿಟಿ ಬಂದರಿನ ಕಡೆಗೆ ಸರಕಿಗೆಂದೇ ಹಾಕಿದ ಹಳಿಗಳ ಬಹುಭಾಗ ಓಡಾಟದಲ್ಲಿದೆ. ಪಶ್ಚಿಮದ ಹಳಿಯಲ್ಲಿ ವಿದ್ಯುತ್ ತಂತಿಯನ್ನೇ ಎತ್ತರಕ್ಕೆ ಕಟ್ಟಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟು ಓಡಿಸುತ್ತಾರೆ. ಸಾಮಾನ್ಯ ರೇಕಿನಲ್ಲಿ 45 ವ್ಯಾಗನ್, 90 ಟಿಇಯು; ಅಲ್ಲಿ ಒಂದೇ ಗಾಡಿಗೆ 180. ಎಳೆಯುವ ಖರ್ಚು ದುಪ್ಪಟ್ಟಾಗದೆ ಸರಕು ದುಪ್ಪಟ್ಟು. ದಕ್ಷಿಣಕ್ಕೆ ಇನ್ನೂ ಅಂಥ ಹಳಿ ಬಂದಿಲ್ಲ. ಬೆಂಗಳೂರು–ಜೋಲಾರ್‌ಪೇಟೆ ತಂತಿಯ ಕೆಳಗೆ ಎರಡನೆಯ ಪೆಟ್ಟಿಗೆಗೆ ಎತ್ತರ ಸಾಲದು. ಕಾನ್‌ಕಾರ್ ಲಾಭ ಮುಂದೆ ಏರಿದರೂ ಅದು ಮೊದಲು ಗುಜರಾತು, ರಾಜಸ್ಥಾನ, ದೆಹಲಿಯ ಸುತ್ತ ಏರುತ್ತದೆ. ಕಂಪನಿಯ ಹುಟ್ಟಿಗೆ ಕಾರಣವಾದ ಊರು ಸಾಲಿನಲ್ಲಿ ಹಿಂದಿದೆ ಎಂಬುದು ನನಗೆ ಬೇಸರದ ಸಂಗತಿ.

ಇಲ್ಲಿ ಬರುತ್ತಿರುವುದು ಬೇರೆ ಬಗೆಯದು. ದಾಬಸ್‌ಪೇಟೆ ಬಳಿಯ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯ ಲಾಜಿಸ್ಟಿಕ್ಸ್ ಪಾರ್ಕಿಗೆ ಸುಮಾರು ₹1,770 ಕೋಟಿಯ ಯೋಜನೆ ಇದೆ. ತುಮಕೂರಿನ ರೈಲು ಹಾದಿಗೆ ಹತ್ತಿರ, ಪೀಣ್ಯಕ್ಕೆ ಸಲೀಸು. ಅದು ನಿಂತರೆ ಊರು ದಾಟಿ ವೈಟ್‌ಫೀಲ್ಡಿಗೆ ಬರುತ್ತಿದ್ದ ಪಶ್ಚಿಮದ ಸರಕು ಅಲ್ಲೇ ರೈಲು ಹತ್ತೀತು. ವೈಟ್‌ಫೀಲ್ಡಿಗೆ ಅದು ನಷ್ಟ, ನಗರಕ್ಕೆ ಲಾಭ.

ನನ್ನ ಕುತೂಹಲ ಮಾತ್ರ ರಫ್ತಿನ ಪೆಟ್ಟಿಗೆಯಲ್ಲಿಲ್ಲ, ಒಳನಾಡಿನ ಪೆಟ್ಟಿಗೆಯಲ್ಲಿದೆ. ಸೂರತ್ತಿನಿಂದ ಬೆಂಗಳೂರಿಗೆ ದೂರ ಸಾವಿರ ಕಿಲೊಮೀಟರಿಗೂ ಹೆಚ್ಚು, ರೈಲು ಗೆಲ್ಲಬೇಕಾದ ದೂರ. ಕಮರ್ಷಿಯಲ್ ಸ್ಟ್ರೀಟು, ಚಿಕ್ಕಪೇಟೆಗಳ ಬೇಲ್ ಒಂದು ದಿನಕ್ಕೆ ಒಟ್ಟು ಸೇರಿಸಿದರೆ ಪೆಟ್ಟಿಗೆಗಳು ತುಂಬುತ್ತವೆ. ಕೊರತೆ ಇರುವುದು ಸರಕಿನದಲ್ಲ, ಸೇರಿಸುವ ಕೈಯದು. ಲಾರಿ ಟ್ರಾನ್ಸ್‌ಪೋರ್ಟಿನವನು ಗೆದ್ದದ್ದು ಅಲ್ಲೇ. ಅವನು ಮೂರು ಬೇಲಿಗೂ ಬಿಲ್ಟಿ ಬರೆಯುತ್ತಾನೆ, ಇಂಥ ದಿನ ಮುಟ್ಟುತ್ತದೆ ಎಂದು ಬಾಯಿಮಾತಿನಲ್ಲಿ ಹೇಳುತ್ತಾನೆ, ತಡವಾದರೆ ಫೋನಿಗೆ ಸಿಗುತ್ತಾನೆ. ರೈಲು ಈ ಮೂರನ್ನೂ ಕಲಿಯುವ ಸೂಚನೆಗಳು ಇತ್ತೀಚೆಗೆ ಕಾಣುತ್ತಿವೆ. 2022ರಲ್ಲಿ ಅಂಚೆ ಇಲಾಖೆ ಮತ್ತು ರೈಲ್ವೆ ಸೇರಿ ಸೂರತ್ತಿನಿಂದ ವಾರಾಣಸಿಗೆ ಮನೆ ಬಾಗಿಲಿನ ಪಾರ್ಸೆಲ್ ಸೇವೆಯ ಪ್ರಯೋಗ ಮಾಡಿದವು. 2025ರ ಸೆಪ್ಟೆಂಬರಿನಲ್ಲಿ ಕಾನ್‌ಕಾರ್ ದೆಹಲಿಯ ತುಘಲಕಾಬಾದಿನಿಂದ ಆಗ್ರಾ, ಕಾನ್ಪುರ ಮಾರ್ಗವಾಗಿ ಕೋಲ್ಕತ್ತಕ್ಕೆ ವೇಳಾಪಟ್ಟಿಯ ಕಂಟೇನರ್ ರೈಲು ಆರಂಭಿಸಿತು. ರೇಕ್ ತುಂಬಲಿ ಬಿಡಲಿ, ಗೊತ್ತಾದ ದಿನ ಹೊರಡುತ್ತದೆ, 120 ಗಂಟೆಯಲ್ಲಿ ಮುಟ್ಟಿಸುತ್ತೇವೆ ಎಂಬ ಮಾತು. ನಲವತ್ತು ವರ್ಷ ರೇಕಿಗಾಗಿ ಗಿರಾಕಿಯನ್ನು ಕಾಯಿಸಿದ ವ್ಯವಸ್ಥೆಗೆ ಇದು ಸಣ್ಣ ತಿರುವಲ್ಲ. ಇಂಥದ್ದೊಂದು ಗಾಡಿ ಸೂರತ್ತು ಅಹಮದಾಬಾದಿನಿಂದ ಬೆಂಗಳೂರಿಗೆ ವಾರಕ್ಕೆರಡು ಸಲ ಬಂದರೆ ಶಿವಾಜಿನಗರದ ಟ್ರಾನ್ಸ್‌ಪೋರ್ಟಿನವನೇ ಅದರ ಮೊದಲ ಗಿರಾಕಿಯಾಗಬಲ್ಲ. ಕಾನ್‌ಕಾರ್‌ನ ಮುಂದಿನ ವಾರ್ಷಿಕ ವರದಿ ಬಂದಾಗ ನಾನು ಮೊದಲು ನೋಡುವುದು ಲಾಭದ ಸಾಲನ್ನಲ್ಲ, ಒಳನಾಡಿನ ಪೆಟ್ಟಿಗೆಗಳ ಎಣಿಕೆಯನ್ನು.

ಕಳೆದ ಭಾನುವಾರ ಸಂಜೆ ಕೆ.ಆರ್. ಪುರ ನಿಲ್ದಾಣದ ಮೇಲ್ಸೇತುವೆಯ ಮೇಲೆ ನಿಂತಿದ್ದೆ. ವೈಟ್‌ಫೀಲ್ಡ್ ಕಡೆಗೆ ಮುಖ ಮಾಡಿ ಕಂಟೇನರ್ ಗಾಡಿಯೊಂದು ಸಿಗ್ನಲ್ಲಿಗಾಗಿ ಕಾಯುತ್ತಿತ್ತು. ಎಂಜಿನ್ನಿನ ಬದಿಯಲ್ಲಿ ಇದೇ ಕೆ.ಆರ್. ಪುರದ ಲೋಕೊ ಶೆಡ್ಡಿನ ಕೆಜೆಎಂ ಎಂಬ ಅಕ್ಷರಗಳು. ಸುಮ್ಮನೆ ಎಣಿಸತೊಡಗಿದೆ. ಮೂವತ್ತರ ಹತ್ತಿರ ಬಂದಾಗ ನಡುವೆ ಮೆಮು ಬಂದು ನಿಂತಿತು, ಜನ ಇಳಿದರು, ಹತ್ತಿದರು, ಅದು ಹೋಯಿತು. ಮತ್ತೆ ಮೊದಲಿನಿಂದ ಎಣಿಸಿದೆ. ನಲವತ್ತೈದು ವ್ಯಾಗನ್ನಿನಲ್ಲಿ ಏಳು ಬರಿದಾಗಿದ್ದವು, ಅವುಗಳ ಮೇಲಿಂದ ಆಚೆಯ ಪ್ಲಾಟ್‌ಫಾರ್ಮಿನ ಬೆಂಚುಗಳು ಕಾಣುತ್ತಿದ್ದವು. ಖಾಲಿ ವ್ಯಾಗನ್ ಎಳೆದದ್ದಕ್ಕೂ ಕಂಪನಿ ರೈಲ್ವೆಗೆ ಹಣ ಕಟ್ಟಬೇಕು. ಏಳು ವ್ಯಾಗನ್ ಎಂದರೆ ಹದಿನಾಲ್ಕು ಪೆಟ್ಟಿಗೆಯ ಜಾಗ. ಅಷ್ಟರಲ್ಲಿ ಹಸಿರು ಬಿತ್ತು, ಕೊಂಡಿಗಳು ಒಂದಾದ ಮೇಲೊಂದು ಬಿಗಿದುಕೊಂಡ ಸದ್ದು ಎಂಜಿನ್ನಿನಿಂದ ಬಾಲದವರೆಗೆ ಓಡಿತು, ಗಾಡಿ ಹೂಡಿಯ ಕಡೆ ಹೊರಟಿತು.